ಸಾಹಿತ್ಯದ ಪರೀಕ್ಷೆಗೆ ಪುಸ್ತಕ ಬೇಕೆ?



ಶಾಲೆಯ ಸಾಹಿತ್ಯ ಪರೀಕ್ಷೆಗೆ ವಿದ್ಯಾರ್ಥಿಯು ತನ್ನ ಪಠ್ಯಪುಸ್ತಕವನ್ನು ಕೈಯಲ್ಲಿ ಹಿಡಿದು ಬರಬಹುದೆ, ಬರಬಾರದೆ ಎಂಬುದು ಇಂದಿನ ವಿಷಯ. ಕೇಳಿದ ಕೂಡಲೇ ಅನೇಕರಿಗೆ ನಗೆ ಬಂದೀತು. ಪುಸ್ತಕ ನೋಡಿ ಬರೆಯುವುದಾದರೆ ಅದು ಪರೀಕ್ಷೆ ಹೇಗಾದೀತು, ನಕಲನ್ನೇ ನಿಯಮವಾಗಿ ಮಾಡಿದಂತಾಗದೆ ಎಂದು ಹಿರಿಯರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಇದು ಯಾರೋ ಕನಸಿನಲ್ಲಿ ಕಂಡ ವಿಚಾರವಲ್ಲ. 2018ರಲ್ಲಿ ನಮ್ಮ ರಾಜ್ಯದ ಶಿಕ್ಷಣ ಸಚಿವರಾಗಿದ್ದ ಎನ್. ಮಹೇಶ್ ಅವರು ಪುಸ್ತಕ ತೆರೆದಿಟ್ಟು ಪರೀಕ್ಷೆ ಬರೆಸುವ ಮಾತನ್ನು ಮುಂದಿಟ್ಟರು. ಅದೇ ವರ್ಷ ಅವರು ಸಚಿವಸ್ಥಾನವನ್ನು ಬಿಟ್ಟರು, ವಿಚಾರವು ಕಾರ್ಯರೂಪಕ್ಕೆ ಬರಲಿಲ್ಲ. 2025ರಲ್ಲಿ ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು, ಅಂದರೆ ಸಿ.ಬಿ.ಎಸ್.ಇ., ಒಂಬತ್ತನೆಯ ತರಗತಿಗೆ 2026–27ನೆಯ ಸಾಲಿನಿಂದ ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳಲ್ಲಿ ಇಂಥ ಪರೀಕ್ಷೆಗೆ ಅನುಮೋದನೆ ನೀಡಿತು. ಆದುದರಿಂದ ನಾವು ನಗುವುದಕ್ಕೆ ಮೊದಲು ಸ್ವಲ್ಪ ಯೋಚಿಸುವುದು ಒಳ್ಳೆಯದು.

ಗಣಿತ ವಿಜ್ಞಾನಗಳ ಮಾತನ್ನು ಅವುಗಳನ್ನು ಬಲ್ಲವರು ಆಡಲಿ. ನಾನು ಸಾಹಿತ್ಯದ ಮಾತನ್ನಷ್ಟೇ, ಅದರಲ್ಲೂ ಹತ್ತನೆಯ ತರಗತಿಯ ಕನ್ನಡದ ಮಾತನ್ನಷ್ಟೇ ಎತ್ತಿಕೊಳ್ಳುತ್ತೇನೆ.

ನಮ್ಮ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕನ್ನಡ ಪ್ರಶ್ನಪತ್ರಿಕೆಯ ಮುಖಲಕ್ಷಣ ಮನೆಮನೆಗೂ ಪರಿಚಿತ. ಪದ್ಯದ ಕೆಲವು ಸಾಲುಗಳನ್ನು ಬಾಯಿಪಾಠದಿಂದ ಪೂರ್ಣಗೊಳಿಸಬೇಕು. ಕವಿಯ ಸ್ಥಳ, ಕಾಲ, ಕೃತಿ, ಪ್ರಶಸ್ತಿಗಳನ್ನು ಬರೆಯಬೇಕು. ಒಂದು ವಾಕ್ಯವನ್ನು ಕೊಟ್ಟರೆ ಅದು ಯಾವ ಪಾಠದ್ದು, ಯಾರು ಯಾರಿಗೆ ಹೇಳಿದ್ದು ಎಂಬ ಸಂದರ್ಭವನ್ನೂ ಕೊನೆಗೊಂದು ಸ್ವಾರಸ್ಯವನ್ನೂ ಬರೆಯಬೇಕು. ಇವುಗಳಲ್ಲಿ ಮುಕ್ಕಾಲು ಪಾಲು ಪ್ರಶ್ನೆಗಳಿಗೆ ಉತ್ತರ ಪುಸ್ತಕದಲ್ಲಿ ಸಿದ್ಧವಾಗಿಯೇ ಇದೆ. ಉತ್ತರ ಅಲ್ಲಿದೆಯಾದ್ದರಿಂದಲೇ ಪುಸ್ತಕವನ್ನು ಬಾಗಿಲಿನ ಹೊರಗೆ ಇರಿಸಬೇಕಾಗಿದೆ. ಹೊರಗೆ ಇರಿಸಿದ್ದೇವೆಯಾದ್ದರಿಂದಲೇ ಕಾವಲುಗಾರರು ಬೇಕಾಗಿದ್ದಾರೆ. 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಕೊಠಡಿಗಳಿಗೆ ಕ್ಯಾಮೆರಾ ಅಳವಡಿಸಿ, ದೂರದಿಂದಲೇ ನೇರವಾಗಿ ನೋಡುವ ವ್ಯವಸ್ಥೆಯನ್ನು ಮಾಡಲಾಯಿತು. ನಕಲನ್ನು ತಡೆಯಬೇಕಾದದ್ದು ಸರಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾವಲಿಗೆ ಪಡುವ ಶ್ರಮದ ಸ್ವಲ್ಪ ಭಾಗವನ್ನಾದರೂ ಪ್ರಶ್ನೆಗೆ ಪಟ್ಟಿದ್ದೇವೆಯೇ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಈ ಪದ್ಧತಿಯ ದೊಡ್ಡ ಕೇಡು ಪರೀಕ್ಷೆಯ ಆ ಮೂರು ಗಂಟೆಗಳಲ್ಲಿ ಇಲ್ಲ. ಅದರ ಹಿಂದಿನ ಹತ್ತು ತಿಂಗಳುಗಳಲ್ಲಿದೆ. ಮುಚ್ಚಿದ ಪುಸ್ತಕದ ಪರೀಕ್ಷೆಗೆ ಸಿದ್ಧವಾಗುವ ಮಗು ಪುಸ್ತಕವನ್ನು ಓದುವುದೇ ಇಲ್ಲ, ಗೈಡನ್ನು ಓದುತ್ತದೆ. ಅದು ಮಗುವಿನ ತಪ್ಪಲ್ಲ, ಜಾಣತನ. ಕೇಳುವುದು ಇಂಥ ಪ್ರಶ್ನೆ, ಅದಕ್ಕೆ ಉತ್ತರ ಇಂಥದು, ಇಷ್ಟು ಅಂಶ ಬರೆದರೆ ಇಷ್ಟು ಅಂಕ ಎಂದು ಗೊತ್ತಾದ ಮೇಲೆ ಹಳಗನ್ನಡದ ಪದ್ಯದೊಂದಿಗೆ ಗುದ್ದಾಡುವ ಕಷ್ಟವನ್ನು ಯಾರು ಪಡುತ್ತಾರೆ? ಪದ್ಯದ ಸಾರಾಂಶ ಗೈಡಿನಲ್ಲಿದೆ, ಸ್ವಾರಸ್ಯವೂ ಗೈಡಿನಲ್ಲಿದೆ. ಸ್ವಾರಸ್ಯವೆಂದರೆ ಓದುಗನ ನಾಲಗೆಗೆ ತಾನಾಗಿ ಹತ್ತಬೇಕಾದ ರುಚಿ. ಅದನ್ನು ಬೇರೊಬ್ಬರು ಅಗಿದುಕೊಟ್ಟು, ಮಗು ನುಂಗಿ, ಪರೀಕ್ಷೆಯ ದಿನ ಹಾಗೆಯೇ ಹೊರಹಾಕುತ್ತದೆ. ಹೀಗೆ ನಮ್ಮ ಸಾಹಿತ್ಯದ ಪುಸ್ತಕವು ಪರೀಕ್ಷೆಯ ಕೊಠಡಿಯಲ್ಲಿ ಮಾತ್ರವಲ್ಲ, ವರ್ಷವೆಲ್ಲ ಮುಚ್ಚಿಯೇ ಇರುತ್ತದೆ.

ಇನ್ನು, ಪುಸ್ತಕ ಎದುರಿಗಿದ್ದರೆ ಎಲ್ಲವೂ ಸುಲಭವಾಗುತ್ತದೆ ಎಂಬ ಮಾತು ಎಷ್ಟರ ಮಟ್ಟಿಗೆ ನಿಜ? ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಭಾನುಮತಿಯ ನೆತ್ತದಾಟವನ್ನು ಹೇಳುವ ಒಂದು ಪದ್ಯವಿದೆ. ಆಟದಲ್ಲಿ ಅವಳು ಸೋಲುತ್ತಾಳೆ, ಮುತ್ತಿನ ಹಾರ ಹರಿಯುತ್ತದೆ. ಅವಳ ಎದುರಿಗೆ ಕುಳಿತು ಆಡುತ್ತಿದ್ದವನು ಕರ್ಣನೋ ದುರ್ಯೋಧನನೋ, ಹಾರ ಹರಿದದ್ದು ಯಾರ ಕೈಯಿಂದ ಎಂಬುದನ್ನು ಕುರಿತು ಕನ್ನಡದ ವಿದ್ವಾಂಸರು ಬಹುಕಾಲ ಚರ್ಚಿಸಿದ್ದಾರೆ. ಅವರೆಲ್ಲರ ಮುಂದೆಯೂ ಪುಸ್ತಕ ತೆರೆದೇ ಇತ್ತು. ಪದ್ಯ ಕಂಠಸ್ಥವಾಗಿದ್ದವರೂ ಅವರಲ್ಲಿ ಇದ್ದಿರಬೇಕು. ಆದರೂ ಉತ್ತರವು ಪುಟದ ಮೇಲೆ ಎದ್ದುಬಂದು ನಿಲ್ಲಲಿಲ್ಲ. ಯಾವ ಪದವನ್ನು ಯಾವುದಕ್ಕೆ ಅನ್ವಯಿಸಬೇಕು, ಆ ಸಂದರ್ಭದಲ್ಲಿ ಕರ್ಣನ ಬಾಯಿಂದ ಯಾವ ಮಾತು ಬಂದರೆ ಒಪ್ಪುತ್ತದೆ ಎಂದು ಒಬ್ಬೊಬ್ಬರೂ ಅಳೆದು ನೋಡಬೇಕಾಯಿತು. ಒಳ್ಳೆಯ ಕಾವ್ಯದ ಮುಂದೆ ಒಳ್ಳೆಯ ಪ್ರಶ್ನೆಯನ್ನು ಇಟ್ಟರೆ, ಪುಸ್ತಕ ಕೈಯಲ್ಲಿದ್ದರೂ ಓದುವ ಕೆಲಸ ಹಾಗೆಯೇ ಉಳಿದಿರುತ್ತದೆ.

ನಮ್ಮ ನಾಡಿನಲ್ಲಿ ಇದು ಹೊಸ ಮಾತೂ ಅಲ್ಲ. ಗಮಕ ಕಲೆಯನ್ನು ನೆನೆಯಿರಿ. ಗಮಕಿಯು ಕುಮಾರವ್ಯಾಸನನ್ನೋ ಲಕ್ಷ್ಮೀಶನನ್ನೋ ವ್ಯಾಸಪೀಠದ ಮೇಲೆ ಇರಿಸಿಕೊಂಡು ಓದುತ್ತಾನೆ. ಅದಕ್ಕೆ ವಾಚನವೆಂದೇ ಹೆಸರು. ಪುಸ್ತಕ ನೋಡಿದ ಎಂದು ಯಾರೂ ಅವನನ್ನು ಹೀಗಳೆಯುವುದಿಲ್ಲ. ಪದವನ್ನು ಎಲ್ಲಿ ಬಿಡಿಸಿದ, ಎಲ್ಲಿ ಕೂಡಿಸಿದ, ಅರ್ಥಕ್ಕೆ ತಕ್ಕ ರಾಗವನ್ನು ಹಿಡಿದನೆ, ಭಾವ ಕೆಡದಂತೆ ನಿಲುಗಡೆ ಕೊಟ್ಟನೆ ಎಂದು ಸಭೆ ಅಳೆಯುತ್ತದೆ. ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರರ ಪರೀಕ್ಷೆ ಇನ್ನೂ ಕಠಿಣ. ಪದ್ಯವನ್ನು ಎಲ್ಲರೂ ಈಗ ತಾನೆ ಕೇಳಿದ್ದಾರೆ. ಅದನ್ನೇ ಮತ್ತೆ ಹೇಳಿದರೆ ಸಭೆ ಆಕಳಿಸುತ್ತದೆ. ತಾಳಮದ್ದಲೆಯಲ್ಲಿಯೂ ಹೀಗೆಯೇ: ಪ್ರಸಂಗದ ಪದ್ಯವನ್ನು ಭಾಗವತರು ಹಾಡಿದ ಮೇಲೆ ಅರ್ಥಧಾರಿಯು ತನ್ನ ಮಾತಿನಿಂದ ಅದನ್ನು ಬೆಳೆಸಬೇಕು. ಪದ್ಯ ತಿಳಿದಿರುವುದು ಅಲ್ಲಿ ಆರಂಭ ಮಾತ್ರ.

ಹಾಗೆಂದು ಕಂಠಪಾಠವನ್ನು ಹಳಿಯುವವರ ಸಾಲಿನಲ್ಲಿ ನನ್ನನ್ನು ಸೇರಿಸಬೇಡಿ. ಓದು ಬಾರದವರೂ ಕಾವ್ಯಪ್ರಯೋಗದಲ್ಲಿ ನುರಿತವರೆಂದು ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿಯೇ ಕನ್ನಡಿಗರನ್ನು ಕೊಂಡಾಡಿತು. ಅದು ಕಿವಿಯಿಂದಲೂ ನೆನಪಿನಿಂದಲೂ ಬೆಳೆದ ಪರಿಣತಿ. ಭಾಮಿನಿ ಷಟ್ಪದಿಯ ನಡಿಗೆ ಕಣ್ಣಿಗಿಂತ ಮೊದಲು ನಾಲಗೆಗೆ ತಿಳಿಯುತ್ತದೆ. ಎಳೆಯ ವಯಸ್ಸಿನಲ್ಲಿ ಮನಸ್ಸಿಗೆ ಇಳಿದ ಹತ್ತು ಪದ್ಯಗಳು ಮುಂದೆ ಎಂದೋ ದುಃಖದಲ್ಲಿ, ಒಂಟಿತನದಲ್ಲಿ, ಪುಸ್ತಕ ಹತ್ತಿರವಿಲ್ಲದ ಸ್ಥಳದಲ್ಲಿ ತಾವಾಗಿ ಬಂದು ಕೈಹಿಡಿಯುತ್ತವೆ. ಆದರೆ ಪ್ರೀತಿಯಿಂದ ನೆನಪಿನಲ್ಲಿ ಉಳಿದದ್ದು ಬೇರೆ, ಭಯದಿಂದ ಉರುಹೊಡೆದದ್ದು ಬೇರೆ. ಮೊದಲನೆಯದು ಬಾಳಿನುದ್ದಕ್ಕೂ ಬರುತ್ತದೆ. ಎರಡನೆಯದು ಪರೀಕ್ಷೆಯ ಗಂಟೆ ಹೊಡೆದ ಮೇಲೆ ಕೊಠಡಿಯ ಹೊಸ್ತಿಲನ್ನೂ ದಾಟುವುದಿಲ್ಲ.

ಬೇರೆ ಕಡೆಯ ಅನುಭವವನ್ನೂ ನೋಡೋಣ. ಇಂಗ್ಲೆಂಡಿನಲ್ಲಿ ಹದಿನಾರರ ವಯಸ್ಸಿನ ಮಕ್ಕಳು ಬರೆಯುವ ಜಿ.ಸಿ.ಎಸ್.ಇ. ಸಾಹಿತ್ಯ ಪರೀಕ್ಷೆಯು 2017ರಲ್ಲಿ ಹೊಸ ರೂಪದಲ್ಲಿ ಮೊದಲ ಬಾರಿ ನಡೆದಾಗ, ಪುಸ್ತಕವನ್ನು ಒಳಗೆ ಒಯ್ಯುವಂತಿಲ್ಲ ಎಂಬುದು ನಿಯಮವಾಗಿತ್ತು. ಅಲ್ಲಿನ ಒಂದು ಪರೀಕ್ಷಾ ಮಂಡಳಿಯ ಪಠ್ಯದಲ್ಲಿ 15 ಕವಿತೆಗಳ ಗುಚ್ಛವಿದೆ. ಒಂದು ಕವಿತೆಯನ್ನು ಪ್ರಶ್ನಪತ್ರಿಕೆಯಲ್ಲಿ ಮುದ್ರಿಸಿಕೊಡುತ್ತಾರೆ. ಅದಕ್ಕೆ ಹೋಲಿಸಲು ಇನ್ನೊಂದನ್ನು ಮಗು ನೆನಪಿನಿಂದ ತರಬೇಕು. ಪರಿಣಾಮವಾಗಿ ಉಲ್ಲೇಖಯೋಗ್ಯ ತುಣುಕುಗಳನ್ನು ಚೀಟಿಗಳಲ್ಲಿ ಬರೆದು ಉರುಹೊಡೆಯುವುದೇ ಸಿದ್ಧತೆಯ ಒಂದು ಭಾಗವಾಯಿತು. ಆದರೆ ಅದೇ ಪರೀಕ್ಷೆಯಲ್ಲಿ ಮಗು ಹಿಂದೆ ಪಾಠದಲ್ಲಿ ಓದಿರದ ಕವಿತೆಯೊಂದನ್ನು ಮುದ್ರಿಸಿ, ಅದನ್ನು ಕುರಿತು ಬರೆಯಲು ಹೇಳುವ ಭಾಗವೂ ಇದೆ. ಈ ಎರಡನೆಯದು ನಮಗೆ ಕಲಿಯಲು ತಕ್ಕದ್ದು. ಕಣ್ಣೆದುರು ಕವಿತೆ ಇದೆ, ಗೈಡು ಇಲ್ಲ. ಓದದೆ ಬೇರೆ ದಾರಿಯಿಲ್ಲ.

ನಮ್ಮ ದೇಶದ ಪಾಠವೂ ಒಂದಿದೆ. ಸಿ.ಬಿ.ಎಸ್.ಇ. ಮಂಡಳಿಯು 2014ರಲ್ಲಿ ಒಂಬತ್ತು ಮತ್ತು ಹನ್ನೊಂದನೆಯ ತರಗತಿಗಳಿಗೆ ಇಂಥದೇ ಒಂದು ಪ್ರಯೋಗವನ್ನು ಮಾಡಿ, 2017–18ನೆಯ ಸಾಲಿಗೆ ಕೈಬಿಟ್ಟಿತು. ಪರೀಕ್ಷೆಯಲ್ಲಿ ಬರುವ ಪಠ್ಯಭಾಗವನ್ನು ತಿಂಗಳುಗಳ ಮೊದಲೇ ಶಾಲೆಗಳಿಗೆ ಕೊಡಲಾಗುತ್ತಿತ್ತು. ಹಾಗೆ ಕೊಟ್ಟರೆ ಆಗುವುದೇನೆಂದು ಬಲ್ಲವರೆಲ್ಲ ಊಹಿಸಬಹುದು: ಸಂಭವನೀಯ ಪ್ರಶ್ನೆಗಳು ಸಿದ್ಧವಾಗುತ್ತವೆ, ಅವುಗಳಿಗೆ ಉತ್ತರಗಳೂ ಸಿದ್ಧವಾಗುತ್ತವೆ, ತೆರೆದ ಪುಸ್ತಕಕ್ಕೂ ಒಂದು ಗೈಡು ಹುಟ್ಟಿಕೊಳ್ಳುತ್ತದೆ. ಪುಸ್ತಕವನ್ನು ತೆರೆದು ಪ್ರಶ್ನೆಯನ್ನು ಹಳೆಯ ಅಚ್ಚಿನಲ್ಲೇ ಉಳಿಸಿಕೊಂಡರೆ ಗಳಿಕೆ ಏನೂ ಇಲ್ಲ.

ಆದುದರಿಂದ ತೆರೆದ ಪುಸ್ತಕದ ಪರೀಕ್ಷೆ ಮೊದಲು ಪರೀಕ್ಷಿಸುವುದು ಪ್ರಶ್ನೆ ತೆಗೆಯುವವರನ್ನು. ಒಂದು ಉದಾಹರಣೆ. ಶ್ರೀಕೃಷ್ಣನು ಕರ್ಣನಿಗೆ ಜನ್ಮರಹಸ್ಯವನ್ನು ತಿಳಿಸುವ ಕುಮಾರವ್ಯಾಸನ ಭಾಗ ಅನೇಕ ವರ್ಷ ಹತ್ತನೆಯ ತರಗತಿಯ ಪಠ್ಯದಲ್ಲಿತ್ತು. ಕೃಷ್ಣನು ಯಾವ ಯಾವ ಆಮಿಷಗಳನ್ನು ಒಡ್ಡಿದನು ಎಂಬುದು ಹಳೆಯ ಬಗೆಯ ಪ್ರಶ್ನೆ. ಪುಸ್ತಕ ಎದುರಿಗಿದ್ದರೆ ಅದು ಸತ್ತ ಪ್ರಶ್ನೆ. ಅದರ ಬದಲು ಹೀಗೆ ಕೇಳಬಹುದು: “ಎಲ್ಲವನ್ನೂ ಕೇಳಿದ ಕರ್ಣ ಕೂಡಲೇ ಉತ್ತರಿಸದೆ ಮೌನಿಯಾಗುತ್ತಾನೆ. ಆ ಮೌನದೊಳಗೆ ಅವನ ನಿರ್ಧಾರ ಯಾವ ಪದ್ಯದಲ್ಲಿ ಗಟ್ಟಿಯಾಯಿತೆಂದು ನಿನಗೆ ತೋರುತ್ತದೆ? ಯಾವ ಮಾತುಗಳಿಂದ ಹಾಗೆ ತೋರಿತು?” ಇದಕ್ಕೆ ಒಂದೇ ಉತ್ತರವಿಲ್ಲ, ಆದರೆ ಯಾವ ಉತ್ತರವಾದರೂ ನಡೆಯುತ್ತದೆ ಎಂದೂ ಅಲ್ಲ. ಪದ್ಯದ ಮಾತನ್ನು ತೋರಿಸಿ ಸಮರ್ಥಿಸಿದ ಉತ್ತರ ಗೆಲ್ಲುತ್ತದೆ, ತೋರಿಸದ ಉತ್ತರ ಬೀಳುತ್ತದೆ. ತೋರಿಸಬೇಕಾದರೆ ಪುಸ್ತಕ ಕೈಯಲ್ಲಿರಬೇಕು.

ನನ್ನ ಸಲಹೆ ಸರಳವಾದದ್ದು. ಪತ್ರಿಕೆಯನ್ನು ಎರಡು ಭಾಗ ಮಾಡೋಣ. ಮೊದಲ ಅರ್ಧ ಗಂಟೆ ಪುಸ್ತಕವಿಲ್ಲ. ಮಗು ತನಗೆ ಮೆಚ್ಚಿಗೆಯಾದ ಪದ್ಯವೊಂದನ್ನು ನೆನಪಿನಿಂದ ಬರೆದು, ಏಕೆ ಮೆಚ್ಚಿತೆಂದು ನಾಲ್ಕು ಮಾತು ಹೇಳಲಿ. ಆಯ್ಕೆ ಅದರದೇ ಆದರೆ ಕಂಠಪಾಠಕ್ಕೆ ಪ್ರೀತಿಯ ಅವಕಾಶ ಸಿಗುತ್ತದೆ. ಉಳಿದ ಎರಡೂವರೆ ಗಂಟೆ, ಬರಹ ಗುರುತುಗಳಿಲ್ಲದ ಪಠ್ಯಪುಸ್ತಕ ಮೇಜಿನ ಮೇಲಿರಲಿ. ಹತ್ತಾರು ಸಣ್ಣ ಪ್ರಶ್ನೆಗಳ ಬದಲು ನಾಲ್ಕೋ ಐದೋ ಪ್ರಶ್ನೆಗಳಿರಲಿ. ಅವುಗಳಲ್ಲೊಂದು ಮಗು ಹಿಂದೆ ಓದಿರದ ಕವಿತೆಯನ್ನು ಕುರಿತದ್ದಾಗಿರಲಿ.

ಇದಕ್ಕೆ ಆಕ್ಷೇಪಗಳಿವೆ. ಅವುಗಳಲ್ಲಿ ಒಂದು ನನ್ನನ್ನು ನಿಜವಾಗಿ ಕಾಡುತ್ತದೆ. ತಡೆದು ತಡೆದು ಓದುವ ಮಗುವಿಗೆ ಈ ಪರೀಕ್ಷೆ ಕಷ್ಟವಾಗದೆ? ಈಗ ಆ ಮಗು ನಾಲ್ಕು ಪ್ರಶ್ನೋತ್ತರಗಳನ್ನು ಉರುಹೊಡೆದಾದರೂ ದಡ ಸೇರುತ್ತದೆ. ಪುಸ್ತಕವನ್ನು ಮುಂದಿಟ್ಟು “ಓದು” ಎಂದರೆ ಏನು ಮಾಡೀತು? ಈ ಮಾತನ್ನು ತಳ್ಳಿಹಾಕುವಂತಿಲ್ಲ. ಪ್ರಶ್ನೆಗೆ ಸಂಬಂಧಿಸಿದ ಭಾಗವನ್ನು ಪತ್ರಿಕೆಯಲ್ಲೇ ಮುದ್ರಿಸಿದರೆ ಪುಟ ಹುಡುಕುವ ಗಾಬರಿ ತಪ್ಪುತ್ತದೆ, ಪ್ರಶ್ನೆಗಳ ಸಂಖ್ಯೆ ಇಳಿದರೆ ಸಮಯವೂ ಉಳಿಯುತ್ತದೆ. ಆದರೆ ಇಷ್ಟರಿಂದಲೇ ಎಲ್ಲ ಮುಗಿಯುವುದಿಲ್ಲ. ಹತ್ತು ವರ್ಷ ಶಾಲೆಗೆ ಬಂದ ಮಗು ತನ್ನ ನುಡಿಯ ಒಂದು ಪುಟವನ್ನು ಓದಿ ತಿಳಿಯಲಾರದೆಂದರೆ, ಆ ಸತ್ಯವನ್ನು ಉರುಹೊಡೆಸಿ ಮುಚ್ಚಿಡುವುದು ಆ ಮಗುವಿಗೆ ಮಾಡುವ ಉಪಕಾರವಲ್ಲ. ಮುಚ್ಚಿಟ್ಟದ್ದಕ್ಕೆ ಔಷಧ ಸಿಗುವುದಿಲ್ಲ. ಪರೀಕ್ಷೆ ಬದಲಾಗುವುದಾದರೆ ಎಂಟನೆಯ ತರಗತಿಯಿಂದಲೇ ಓದಿಸುವ ಕ್ರಮ ಬದಲಾಗಬೇಕು, ಮೂರು ವರ್ಷ ಮುಂಚಿತವಾಗಿ ಎಲ್ಲರಿಗೂ ತಿಳಿಸಿರಬೇಕು.

ಬಡ ಮಗುವಿನ ಪರವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಸರ್ಕಾರಿ ಶಾಲೆಯ ಮಗುವಿಗೆ ಪಠ್ಯಪುಸ್ತಕ ಉಚಿತವಾಗಿ ದೊರೆಯುತ್ತದೆ. ಗೈಡು ಉಚಿತವಲ್ಲ, ಮನೆಪಾಠವಂತೂ ಅಲ್ಲವೇ ಅಲ್ಲ. ಸಿದ್ಧ ಉತ್ತರಗಳ ಪರೀಕ್ಷೆಯಲ್ಲಿ ಅವುಗಳನ್ನು ಕೊಳ್ಳಬಲ್ಲವರು ಮುಂದಿರುತ್ತಾರೆ. ಎಲ್ಲರ ಮೇಜಿನ ಮೇಲೂ ಒಂದೇ ಪುಸ್ತಕ, ಅದರಿಂದಲೇ ಉತ್ತರ ಎಂದಾದರೆ, ಆ ಅಂತರ ಪೂರ್ತಿಯಾಗಿ ಅಳಿಯದಿದ್ದರೂ ಕಡಿಮೆಯಾಗುತ್ತದೆ.

ಕೊನೆಯದಾಗಿ ಮೌಲ್ಯಮಾಪನದ ಮಾತು. ಲಕ್ಷಗಟ್ಟಲೆ ಉತ್ತರಪತ್ರಿಕೆಗಳನ್ನು ಮಾದರಿ ಉತ್ತರದೊಂದಿಗೆ ತಾಳೆ ನೋಡಿ ಅಂಕ ಹಾಕುವುದು ಸುಲಭ, ಒಬ್ಬರಿಂದೊಬ್ಬರಿಗೆ ವ್ಯತ್ಯಾಸವೂ ಕಡಿಮೆ. ಮಗುವಿನ ಸ್ವಂತ ವಾದವನ್ನು ತೂಗಬೇಕಾದರೆ ಅಧ್ಯಾಪಕರಿಗೆ ತರಬೇತಿ ಬೇಕು, ಸಮಯ ಬೇಕು, ತಕ್ಕ ಸಂಭಾವನೆಯೂ ಬೇಕು. ಅವರ ವಿವೇಚನೆಯ ಮೇಲೆ ನಾವು ನಂಬಿಕೆಯಿಡಬೇಕು. ಇದು ಖರ್ಚಿನ ದಾರಿ, ನಿಜ. ಆದುದರಿಂದ ಒಮ್ಮೆಗೇ ರಾಜ್ಯವ್ಯಾಪಿಯಾಗಿ ಆರಂಭಿಸದೆ, ಮೊದಲು ಆಂತರಿಕ ಮೌಲ್ಯಮಾಪನದ 25 ಅಂಕಗಳಲ್ಲಿ ಇದನ್ನು ನಡೆಸಿ ನೋಡಬಹುದು. ಒಂದು ಶಾಲೆ, ಒಬ್ಬ ಅಧ್ಯಾಪಕರು, ಒಂದು ಪದ್ಯ, ಒಂದು ಒಳ್ಳೆಯ ಪ್ರಶ್ನೆ. ಇಷ್ಟಕ್ಕೆ ಯಾವ ದೊಡ್ಡ ಸಿದ್ಧತೆಯೂ ಬೇಕಾಗಿಲ್ಲ.

ಹತ್ತನೆಯ ತರಗತಿಯನ್ನು ಮುಗಿಸಿದ ಮಕ್ಕಳಲ್ಲಿ ಬಹುಮಂದಿ ಮುಂದೆ ಸಾಹಿತ್ಯವನ್ನು ವಿಷಯವಾಗಿ ಓದುವುದಿಲ್ಲ. ಪಂಪನನ್ನೂ ಕುಮಾರವ್ಯಾಸನನ್ನೂ ಅವರು ಭೇಟಿಯಾಗುವುದು ಅದೇ ಕೊನೆಯ ಸಲ ಇರಬಹುದು. ಆ ಭೇಟಿಯಲ್ಲಿ ಕವಿಯ ಊರು ಯಾವುದು, ಕಾಲ ಯಾವುದು ಎಂದಷ್ಟೇ ಕೇಳಿ ಕಳುಹಿಸೋಣವೆ, ಅಥವಾ ಅವನ ಪುಸ್ತಕವನ್ನು ತೆರೆದು ಮಗುವಿನ ಮುಂದಿಟ್ಟು “ನಿನಗೆ ಇಲ್ಲಿ ಏನು ಕಾಣಿಸಿತು, ಹೇಳು” ಎನ್ನೋಣವೆ? ನಿರ್ಧಾರ ಮಂಡಳಿಗಳ ಕೈಯಲ್ಲಿದೆ. ಅದಕ್ಕಿಂತ ಮೊದಲು ಅಧ್ಯಾಪಕರ, ತಂದೆತಾಯಿಗಳ, ಸಾಹಿತ್ಯವನ್ನು ಪ್ರೀತಿಸುವ ನಿಮ್ಮಂಥವರ ಮನಸ್ಸಿನಲ್ಲಿದೆ.