ತೊಗರಿಯ ಕುಲ-ಬಳಗ

(ಸಂಘದ ಬೆಳ್ಳಿಹಬ್ಬದಲ್ಲಿ ಆಡಿದ ಮಾತು)



ಕಮಲಾಪುರದಿಂದ ಕಲಬುರಗಿಗೆ ಹೋಗುವಾಗ ಎರಡೂ ಕಡೆ ನಮಗೆ ಕಾಣುವುದು ತೊಗರಿ. ನಾವು ಅದಕ್ಕ ಬೆಳೆ ಅಂತೀವಿ, ಸಸ್ಯಶಾಸ್ತ್ರದವರು ಪೊದೆಗಿಡ ಅಂತಾರ. ಅವರ ಮಾತೂ ಖರೇನ ಅದ. ಕೊಯ್ಯದೆ ಬಿಟ್ಟರೆ ಮೂರು ನಾಲ್ಕು ವರ್ಷ ಬದುಕುವ ಗಿಡ ಇದು. ತೊಗರಿಕಟಗಿ ಒಲಿಗೆ ಹಾಕುವ ತಾಯಂದಿರಿಗೆ ಇದನ್ನು ಹೇಳಬೇಕಾಗಿಲ್ಲ.

ಶಾಸ್ತ್ರದ ಹೆಸರು ಕಜಾನಸ್ ಕಜಾನ್. ಇದರ ತೀರ ಹತ್ತಿರದ ಕಾಡುಸಂಬಂಧಿ ಒಡಿಶಾ, ಬಸ್ತರದ ಕಡೆ ಬೆಳೆಯುತ್ತದೆ. ನಮ್ಮ ದೇಶದ ತೊಗರಿ ಆಫ್ರಿಕಕ್ಕೆ ಹೋಯಿತು. ಅಲ್ಲಿಂದ ಗುಲಾಮರ ಹಡಗುಗಳ ಸಂಗಡ ಕೆರಿಬಿಯನ್ ದ್ವೀಪಗಳಿಗೆ. ಅಲ್ಲಿಯವರು ಹಸಿಕಾಳನ್ನೇ ಅನ್ನದ ಜೊತೆ ಬೇಯಿಸಿ ಉಣ್ಣುತ್ತಾರೆ.

ಕಾಡುಜಾತಿಗಳನ್ನು ಮೊದಲು ಅಟೈಲೋಸಿಯಾ ಎಂಬ ಬೇರೆ ಕುಲದಾಗ ಇಟ್ಟಿದ್ದರು. ಆದರೆ ಅವುಗಳಲ್ಲಿ ಹಲವು ತೊಗರಿಯೊಂದಿಗೆ ಕೂಡಿ ಬೀಜ ಕಟ್ಟುತ್ತವೆ. ಕೊಟ್ಟು ತರುವ ಸಂಬಂಧ ಇದ್ದ ಮ್ಯಾಲ ಬ್ಯಾರೆ ಕುಲ ಅಂತ ಹೆಂಗ ಅನ್ನೋದು? 1980ರ ದಶಕದಲ್ಲಿ ವಾನ್ ಡರ್ ಮಾಸೆನ್ ಎಂಬ ವಿಜ್ಞಾನಿ ಎರಡನ್ನೂ ಒಂದೇ ಕುಲಕ್ಕೆ ಸೇರಿಸಿದರು.

ಇದು ಬರೀ ಪಂಡಿತರ ತಕರಾರಲ್ಲ. 2022ರಲ್ಲಿ ನೆಟೆ ರೋಗದಿಂದ ನಮ್ಮ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿದ್ದನ್ನು ಎಲ್ಲರೂ ನೋಡೀವಿ. ರೋಗ, ಹುಳು ತಾಳುವ ಗುಣವನ್ನು ವಿಜ್ಞಾನಿಗಳು ಹುಡುಕುವುದು ಹಳೆಯ ತಳಿಗಳಲ್ಲಿ, ಈ ಕಾಡುಬಳಗದಲ್ಲಿ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಬೀಜಭಂಡಾರದಲ್ಲಿ 13 ಸಾವಿರಕ್ಕೂ ಹೆಚ್ಚು ತೊಗರಿ ಮಾದರಿಗಳಿವೆ. ನಮ್ಮ ಮನೆಗಳಲ್ಲಿ ಎಷ್ಟು ಉಳಿದಾವ? ಹಿರಿಯರ ಕಾಲದ ಬೀಜ ಯಾರ ಹತ್ತಿರ ಇದ್ದರೂ ಒಂದು ಸೇರು ಸಂಘಕ್ಕೆ ತಂದು ಕೊಡ್ರಿ. ಯಾವ ಹೊಲದ್ದು, ಎಂಥಾ ಮಣ್ಣು ಅನ್ನೋದನ್ನೂ ಬರೆಸ್ರಿ.