ಕ್ಯಾನ್ಸರ್ ಗುಣವಾದ ಮಗುವಿನ ಫೈಲು ಜೋಪಾನ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ರಕ್ತದ ಕ್ಯಾನ್ಸರೇ ಹೆಚ್ಚು. ಚಿಕಿತ್ಸೆ ಪೂರ್ತಿ ಸಿಕ್ಕಿದರೆ ಬಹಳಷ್ಟು ಮಕ್ಕಳು ಗುಣವಾಗುತ್ತಾರೆ. ಒಡವೆ ಅಡವಿಟ್ಟು, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ವರ್ಷಗಟ್ಟಲೆ ಅಲೆದು ಮಗುವನ್ನು ಉಳಿಸಿಕೊಂಡವರು ನಮ್ಮ ನಡುವೆಯೂ ಇದ್ದಾರೆ. "ಸಿಸ್ಟರ್, ಎಲ್ಲಾ ಮುಗೀತು, ಇನ್ನು ಆಸ್ಪತ್ರೆ ಸಹವಾಸ ಸಾಕು" ಅಂತಾರೆ. ಅಷ್ಟು ಕಷ್ಟಪಟ್ಟವರು ಹಾಗನ್ನೋದು ಸಹಜ. ಆದರೆ ಒಂದು ಕೆಲಸ ಉಳಿದಿರುತ್ತದೆ.

ರೋಗವನ್ನು ಕೊಂದ ಔಷಧಿ ಮತ್ತು ರೇಡಿಯೇಷನ್, ಅಂದರೆ ನಾವು 'ಕರೆಂಟ್ ಕೊಡೋದು' ಅನ್ನುತ್ತೇವಲ್ಲ ಅದು, ಕೆಲವು ಮಕ್ಕಳಲ್ಲಿ ಹಾರ್ಮೋನು ತಯಾರಿಸುವ ಗ್ರಂಥಿಗಳಿಗೂ ಪೆಟ್ಟು ಕೊಟ್ಟಿರುತ್ತದೆ. ಇದು ಕ್ಯಾನ್ಸರ್ ತಿರುಗಿ ಬಂದಂತಲ್ಲ, ಹೆದರಬೇಡಿ. ಈ ಪೆಟ್ಟು ಹತ್ತು-ಹದಿನೈದು ವರ್ಷ ಕಳೆದ ಮೇಲೂ ಕಾಣಿಸಿಕೊಳ್ಳಬಹುದು.

ತಲೆಗೆ ಕರೆಂಟ್ ಕೊಟ್ಟಿದ್ದರೆ ಮೆದುಳಿನ ಬುಡದಲ್ಲಿರುವ, ಬಟಾಣಿ ಕಾಳಿನಷ್ಟು ಚಿಕ್ಕ ಪಿಟ್ಯುಟರಿ ಗ್ರಂಥಿ ಸೊರಗಬಹುದು. ಆಗ ಮಗುವಿನ ಎತ್ತರ ನಿಲ್ಲುತ್ತದೆ. ಶಾಲೆಗೆ ಹೋಗುವ ಮಗು ವರ್ಷಕ್ಕೆ ಸುಮಾರು 5 ಸೆಂ.ಮೀ. ಬೆಳೆಯಬೇಕು. "ಅವರಪ್ಪನೂ ಕುಳ್ಳ ಅಲ್ವಾ" ಅಂತ ಸುಮ್ಮನಿದ್ದರೆ ಮೂಳೆ ಕೂಡಿಕೊಂಡುಬಿಡುತ್ತದೆ, ಆಮೇಲೆ ಎತ್ತರಕ್ಕೆ ಇಂಜೆಕ್ಷನ್ ಕೊಟ್ಟೂ ಪ್ರಯೋಜನವಿಲ್ಲ. ಕುತ್ತಿಗೆಗೆ ಕೊಟ್ಟಿದ್ದರೆ ಥೈರಾಯ್ಡ್ ಕುಂದಬಹುದು. ಹುಡುಗಿ ಸದಾ ಸುಸ್ತು ಅಂತಾಳೆ, ದಪ್ಪಗಾಗುತ್ತಾಳೆ, ಓದು ಹತ್ತಲ್ಲ. ಮನೆಯವರು ಸೋಮಾರಿ ಅಂತ ಬೈಯುತ್ತಾರೆ! ವರ್ಷಕ್ಕೊಮ್ಮೆ ಟಿ.ಎಸ್.ಎಚ್. ರಕ್ತಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಅಷ್ಟೇ ಚಿಕಿತ್ಸೆ.

ಇನ್ನು ನಾವು ಪಿಸುಗುಟ್ಟುವ ವಿಷಯ. ಸೈಕ್ಲೋಫಾಸ್ಫಮೈಡ್‌ನಂಥ ಔಷಧಿ ಹೆಚ್ಚು ಕೊಟ್ಟಿದ್ದರೆ, ಕಿಬ್ಬೊಟ್ಟೆಗೆ ಕರೆಂಟ್ ಕೊಟ್ಟಿದ್ದರೆ ಅಂಡಾಶಯ ಬೇಗ ಬತ್ತಬಹುದು. ಹುಡುಗಿಗೆ 13 ತುಂಬಿದರೂ ಎದೆ ಮೂಡದಿದ್ದರೆ, ಇಲ್ಲವೇ 8 ತುಂಬುವ ಮೊದಲೇ ಮೂಡಿದರೆ, ಬಂದ ಮುಟ್ಟು ನಿಂತರೆ ಡಾಕ್ಟರಿಗೆ ತೋರಿಸಿ. ಗಂಡುಮಕ್ಕಳಿಗೂ ತೊಂದರೆ ಆಗಬಹುದು. 14 ಆದರೂ ಪ್ರಾಯದ ಲಕ್ಷಣ ಕಾಣದಿದ್ದರೆ ಕರೆದುಕೊಂಡು ಹೋಗಿ. ಮದುವೆಗೆ ಅಡ್ಡಿಯಾದೀತೆಂದು ಹಳೇ ರೋಗವನ್ನು ಮುಚ್ಚಿಡುವವರು ಬಹಳ. ಊರಿಗೆಲ್ಲ ಹೇಳಿ ಅನ್ನುವುದಿಲ್ಲ. ಡಾಕ್ಟರಿಗೆ ಮುಚ್ಚಿಡಬೇಡಿ, ಬೆಳೆದ ಮಗಳಿಗಂತೂ ಮುಚ್ಚಿಡಲೇಬೇಡಿ. ಅವಳ ಮೈಗೆ ಏನು ಮಾಡಿದ್ದಾರೆ ಎಂದು ತಿಳಿಯುವುದು ಅವಳ ಹಕ್ಕು. ಥೈರಾಯ್ಡ್ ಕಡಿಮೆಯಿರುವುದು ತಿಳಿಯದೆ ಅವಳು ಬಸುರಿಯಾದರೆ ಹೊಟ್ಟೆಯ ಮಗುವಿಗೂ ಅಪಾಯ.

ಮುಂಬಯಿಯ ಟಾಟಾ ಆಸ್ಪತ್ರೆ ಗುಣವಾದ ಮಕ್ಕಳಿಗಾಗಿಯೇ 1991ರಲ್ಲಿ ಪ್ರತ್ಯೇಕ ಕ್ಲಿನಿಕ್ ತೆರೆಯಿತು. ಅಷ್ಟು ದೂರ ಎಲ್ಲರೂ ಹೋಗಬೇಕಿಲ್ಲ. ಚಿಕಿತ್ಸೆ ಪಡೆದ ಆಸ್ಪತ್ರೆಯಲ್ಲೇ ಕೇಳಿ: ಯಾವ ಔಷಧಿ, ಎಷ್ಟು ಕೊಟ್ಟಿರಿ? ಕರೆಂಟ್ ಎಲ್ಲಿಗೆ, ಎಷ್ಟು? ಯಾವ ಪರೀಕ್ಷೆ, ಎಷ್ಟು ತಿಂಗಳಿಗೊಮ್ಮೆ? ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಜೆರಾಕ್ಸ್ ಮಾಡಿಸಿ ಸಂಘದ ಪಾಸ್‌ಬುಕ್ ಇಡುವ ಟ್ರಂಕಿನಲ್ಲೇ ಇಡಿ. ನಿಮ್ಮ ಸಂಘದಲ್ಲಿ ಅಂಥ ಮಗುವಿನ ತಾಯಿ ಇದ್ದರೆ, ಆರು ತಿಂಗಳಿಗೊಮ್ಮೆ ಮಗುವಿನ ಎತ್ತರ ಅಳೆಸಿ ತಾರೀಖಿನ ಸಮೇತ ಅದೇ ಹಾಳೆಯ ಹಿಂದೆ ಬರೆದಿಡಲು ಹೇಳಿ. ಬಸ್ ಚಾರ್ಜಿಗೆ ಸಾಲ ಕೇಳಿದರೆ ಅದನ್ನು ಮೊದಲ ಸಾಲಿನಲ್ಲಿ ಮಂಜೂರು ಮಾಡಿ.