ಮುಂದಿನ ವಾರ ಮಳಿ ಅದಾ? ಫೋರ್‌ಕಾಸ್ಟ್ ಓದೋದು ಹೇಗೆ

ಚಿಟಗುಪ್ಪದಿಂದ ಮಾತಾಡ್ತಿದೀನಿ. ಯುಗಾದಿ ಹೊತ್ತಿಗೆ ನಮ್ಮ ಕಡೆ ಪ್ರತಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲೂ ಒಂದೇ ಪ್ರಶ್ನೆ: ‘ಮುಂದಿನ ವಾರ ಮಳಿ ಅದಾ?’ ಕೇಳೋರು ಸುಮ್ನೆ ಕೇಳಲ್ಲ. ಕೊಯ್ದ ಜೋಳ ಹೊಲದಲ್ಲೇ ಬಿದ್ದಿರ್ತದೆ, ಕಣಕಿ ಇನ್ನೂ ಬಣವಿ ಆಗಿರಲ್ಲ, ಮಾವಿನಕಾಯಿ ಗಿಡದಲ್ಲೇ ಇರ್ತದೆ. ಒಂದು ಸಂಜೆ ಮಳೆ ಬಂದ್ರೆ ಬಿಳಿ ಜೋಳ ಕಪ್ಪಾಗ್ತದೆ, ಬಜಾರಿನಲ್ಲಿ ರೇಟು ಬೀಳ್ತದೆ.

ಈ ಪ್ರಶ್ನೆಗೆ ಗ್ರೂಪಲ್ಲಿ ಬರೋ ಉತ್ತರ ಏನು? ‘ಕರಾವಳಿ, ಉತ್ತರ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆ’ ಅನ್ನೋ ಒಂದು ಫಾರ್ವರ್ಡ್. ಮಳೆ ಬರದಿದ್ರೆ ‘ಹವಾಮಾನದವ್ರು ಸುಳ್ಳು ಹೇಳಿದ್ರು’ ಅಂತೀವಿ. ಆದ್ರೆ ಆ ಸಾಲಿನ ಅರ್ಥ ಏನು ಅಂತ ನೋಡೋಣ.

ಹವಾಮಾನ ಇಲಾಖೆ ಕರ್ನಾಟಕವನ್ನ ಮೂರು ಭಾಗ ಮಾಡಿದೆ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ನಮ್ದು ಉತ್ತರ ಒಳನಾಡು. ಧಾರವಾಡ, ಬೆಳಗಾವಿ ಕೂಡ ಅದರೊಳಗೇ ಬರ್ತವೆ. ‘ಒಂದೆರಡು ಕಡೆ’ ಅನ್ನೋದಕ್ಕೂ ಲೆಕ್ಕ ಇದೆ. ಆ ಭಾಗದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25 ಅಥವಾ ಅದಕ್ಕಿಂತ ಕಡಿಮೆ ಕಡೆ ಮಳೆ ಅಂತ ಅರ್ಥ. ‘ಕೆಲವು ಕಡೆ’ ಅಂದ್ರೆ 26ರಿಂದ 50, ‘ಹಲವು ಕಡೆ’ ಅಂದ್ರೆ 51ರಿಂದ 75, ‘ಬಹುತೇಕ ಕಡೆ’ ಅಂದ್ರೆ ಅದಕ್ಕೂ ಮೇಲೆ. ಹಾಗಾಗಿ ನಿರ್ಣಾದಲ್ಲಿ ಸುರಿದು ಬೇಮಳಖೇಡದಲ್ಲಿ ಹನಿಯೂ ಬೀಳದಿದ್ರೆ ಫೋರ್‌ಕಾಸ್ಟ್ ತಪ್ಪು ಅಂತ ಅಲ್ಲ.

ಸಮುದ್ರ ನಮ್ಮಿಂದ ಹತ್ತಿರ ಹತ್ತಿರ 400 ಕಿಲೋಮೀಟರ್ ದೂರ. ಆದ್ರೂ ನಮ್ಮ ಬೇಸಿಗೆ ಮಳೆಗೆ ನೀರು ಬರೋದು ಅಲ್ಲಿಂದಲೇ. ಬಂಗಾಳ ಕೊಲ್ಲಿ ಕಡೆಯ ತೇವದ ಗಾಳಿ ಮತ್ತು ವಾಯವ್ಯದ ಒಣ ಬಿಸಿಗಾಳಿ ಎರಡೂ ಒಳನಾಡಿನ ಮೇಲೆ ಎದುರಾಗ್ತವೆ. ಮಧ್ಯಾಹ್ನದ ಕಾದ ನೆಲ ಆ ತೇವವನ್ನ ಮೇಲಕ್ಕೆ ತಳ್ತದೆ. ಸಂಜೆ ಹೊತ್ತಿಗೆ ಮೋಡ ಕಟ್ಟಿ ಬಿರುಗಾಳಿ, ಸಿಡಿಲು ಶುರು. ಮಾರ್ಚ್‌ನಲ್ಲಿ ಮೇಲಿನ ಗಾಳಿ ಇನ್ನೂ ತಣ್ಣಗಿರೋದ್ರಿಂದ ಆ ಹನಿಗಳು ಹೆಪ್ಪುಗಟ್ಟಿ ಆಣೆಕಲ್ಲಾಗಿ ಬೀಳ್ತವೆ. 2014ರ ಫೆಬ್ರುವರಿ ಕೊನೆ ಮತ್ತು ಮಾರ್ಚ್‌ನಲ್ಲಿ ಮಹಾರಾಷ್ಟ್ರ, ಉತ್ತರ ಕರ್ನಾಟಕದಲ್ಲಿ ದಿನಗಟ್ಟಲೆ ಹೀಗೆ ಬಿದ್ದು ಬೆಳೆ ಹಾಳಾಗಿತ್ತು.

ಇಂಥ ಮೋಡ ಕೆಲವೇ ಗಂಟೆಗಳಲ್ಲಿ ಹುಟ್ಟಿ ಮುಗಿದುಹೋಗ್ತದೆ. ಯಾವ ಹಳ್ಳಿ ಮೇಲೆ ಬೀಳ್ತದೆ ಅಂತ ಏಳು ದಿನ ಮೊದಲು ಯಾರಿಗೂ ಹೇಳೋಕಾಗಲ್ಲ. ಅದಕ್ಕೇ ಫೋರ್‌ಕಾಸ್ಟನ್ನ ಮೂರು ಹಂತದಲ್ಲಿ ನೋಡ್ರಿ.

ವಾರದ ಮುನ್ಸೂಚನೆ ಪ್ಲಾನ್ ಮಾಡೋಕೆ. ಕೂಲಿಯವರನ್ನ ಯಾವಾಗ ಕರೀಬೇಕು, ಮಷಿನ್ ಯಾವಾಗ ಹೇಳ್ಬೇಕು, ತಾಡಪತ್ರಿ ಮನೇಲಿ ಇದೆಯಾ ಅಂತ ನೋಡ್ಕೊಳ್ಳೋಕೆ.

ಎರಡನೇದು ಐದು ದಿನದ ಜಿಲ್ಲಾ ಮುನ್ಸೂಚನೆ. ಮೇಘದೂತ್ ಆ್ಯಪಿನಲ್ಲಿ ಕನ್ನಡದಲ್ಲೇ ಸಿಗ್ತದೆ. ಅದರ ಬಣ್ಣವನ್ನೂ ನೋಡ್ರಿ. ಹಳದಿ ಅಂದ್ರೆ ಗಮನ ಇಡಿ, ಕಿತ್ತಳೆ ಅಂದ್ರೆ ತಯಾರಾಗಿ, ಕೆಂಪು ಅಂದ್ರೆ ಈಗಲೇ ಕ್ರಮ ತಗೊಳ್ಳಿ.

ಮೂರನೇದು ಅವತ್ತಿನ ಮಧ್ಯಾಹ್ನದ್ದು. ಇಲಾಖೆ ಮುಂದಿನ ಮೂರು ಗಂಟೆಗೆ ಅಂತ ಬೇರೆ ಎಚ್ಚರಿಕೆ ಕೊಡ್ತದೆ. ಪುಣೆಯ ಐಐಟಿಎಂ ಮಾಡಿರೋ ದಾಮಿನಿ ಆ್ಯಪ್ ನಿಮ್ಮ ಸುತ್ತ 20 ಮತ್ತು 40 ಕಿಲೋಮೀಟರ್ ಒಳಗೆ ಸಿಡಿಲು ಬಿದ್ರೆ ತೋರಿಸ್ತದೆ. ಹೊಲದಲ್ಲಿರೋ ಅಪ್ಪ-ಅವ್ವಗೆ ಫೋನ್ ಮಾಡಿ ‘ಗಿಡದ ಕೆಳಗ ನಿಲ್ಲಬ್ಯಾಡ್ರಿ, ಮನಿಗೆ ಬರ್ರಿ’ ಅಂತ ಹೇಳೋದು ಆವಾಗ. ಜೋಳಕ್ಕಿಂತ ಜೀವ ದೊಡ್ಡದು.

ಇಷ್ಟೆಲ್ಲ ಮಾಡಿದ ಮೇಲೂ ಆಣೆಕಲ್ಲು ಬಿತ್ತು ಅಂದ್ಕೊಳ್ಳಿ. ನಾನು ಬಿಕಾಂ ಓದಿದವ, ಅದಕ್ಕೇ ದುಡ್ಡಿನ ಮಾತೂ ಹೇಳ್ತೀನಿ. ಫಸಲ್ ಬಿಮಾ ಮಾಡಿಸಿದ್ರೆ, ಆಣೆಕಲ್ಲಿನ ನಷ್ಟವನ್ನ 72 ಗಂಟೆಯೊಳಗೆ ತಿಳಿಸಬೇಕು. ಕೊಯ್ದು ಹೊಲದಲ್ಲಿ ಒಣಗೋಕೆ ಬಿಟ್ಟ ಬೆಳೆಗೂ ಕೊಯ್ಲಾದ 14 ದಿನದವರೆಗೆ ರಕ್ಷಣೆ ಕೊಡೋ ಅವಕಾಶ ಈ ಯೋಜನೆಯಲ್ಲಿದೆ. ನಿಮ್ಮ ಬೆಳೆಗೆ ಅದು ಅನ್ವಯಿಸ್ತದಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಈಗಲೇ ಕೇಳಿಡ್ರಿ. ನಷ್ಟ ತಿಳಿಸೋಕೆ ಸಹಾಯವಾಣಿ 14447. ಫೋಟೋ ತೆಗೀರಿ, ದೂರಿನ ನಂಬರ್ ಬರೆದಿಟ್ಕೊಳ್ರಿ. ನಮ್ಮ ದೊಡ್ಡವರಿಗೆ ಪಾಲಿಸಿ ಇರ್ತದೆ, ಆ್ಯಪ್ ಬರಲ್ಲ. ಸಂತೆ ದಿನ ಹೋಗಿ ಕೇಳೋಣ ಅನ್ನೋಷ್ಟರಲ್ಲಿ ಮೂರು ದಿನ ಮುಗಿದಿರ್ತದೆ. ಸ್ಮಾರ್ಟ್‌ಫೋನ್ ಇರೋದು ನಮ್ಮ ಕೈಯಲ್ಲಿ, ಆ ಕೆಲಸ ನಮ್ದೇ.

ಈ ಎಪಿಸೋಡ್ ಕೇಳಿದ ಮೇಲೆ ಮೇಘದೂತ್, ದಾಮಿನಿ ಎರಡನ್ನೂ ಇನ್‌ಸ್ಟಾಲ್ ಮಾಡ್ರಿ. ಮನೆಯ ಬಿಮಾ ಕಾಗದ ಎಲ್ಲಿದೆ ಅಂತ ಇವತ್ತೇ ಕೇಳ್ರಿ. ಮುಂದಿನ ವಾರ ಸಿಗೋಣ.